ಮಂತ್ರಖಡ್ಗಕ್ಕೆ ಕಟ್ಟಿದ ಬೆಲೆ

ವರವೆಂದ ಮೇಲೆ ಅದಕ್ಕೊಂದು ಕಟ್ಟು ಇದ್ದೇ ಇರುತ್ತದೆ ಎಂಬುದು ಪುರಾಣ ಕೇಳಿ ಬೆಳೆದವರಿಗೆಲ್ಲ ತಿಳಿದ ಮಾತು. ಹಿರಣ್ಯಕಶಿಪು ಹಗಲಲ್ಲಿ ಸಾಯುವಂತಿರಲಿಲ್ಲ, ಇರುಳಲ್ಲಿಯೂ ಸಾಯುವಂತಿರಲಿಲ್ಲ. ಆದರೆ ನಡುವೆ ಮುಸ್ಸಂಜೆಯೊಂದು ಉಳಿದಿತ್ತು. ಮನೆಯ ಒಳಗೂ ಹೊರಗೂ ಸಾವಿಲ್ಲದವನಿಗೆ ಹೊಸ್ತಿಲು ಉಳಿದಿತ್ತು. ಭಸ್ಮಾಸುರನ ಕೈ ಯಾರ ತಲೆಯ ಮೇಲಿಟ್ಟರೂ ಸುಡುತ್ತಿತ್ತು. ಅವನ ಸ್ವಂತ ತಲೆಯೂ ಅದರಲ್ಲಿ ಸೇರಿತ್ತು. ಕಥೆ ಕಟ್ಟಿದವರು ಈ ಸಂದುಗಳನ್ನು ಮರೆತು ಬಿಟ್ಟವರಲ್ಲ, ಬೇಕೆಂದೇ ಇಟ್ಟವರು. ಮಿತಿಯಿಲ್ಲದ ವರವನ್ನು ಕೊಟ್ಟುಬಿಟ್ಟರೆ ಕಥೆ ಆ ದಿನವೇ ಮುಗಿಯುತ್ತದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಹಳೆಯ ಪಾಠವನ್ನು ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ಒಂದು ಆಟವು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಅದರ ಹೆಸರು. ಇಂದು ನಮ್ಮ ಮಹಾನಗರಗಳಲ್ಲಿಯೂ ಎಳೆಯರು ಮೇಜಿನ ಸುತ್ತ ಕುಳಿತು ಗಂಟೆಗಟ್ಟಲೆ ಇದನ್ನು ಆಡುತ್ತಾರೆ. ಅದರ ಐವತ್ತು ವರ್ಷಗಳ ಇತಿಹಾಸದಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಪ್ರಶ್ನೆಯೊಂದಿದೆ: ಆಟಗಾರನೊಬ್ಬನ ಕೈಗೆ ಮಿತಿಮೀರಿದ ಶಕ್ತಿಯ ಮಂತ್ರಾಯುಧ ಬಂದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ನಾವು ಇಲ್ಲಿ ನೋಡೋಣ. ಮೇಲುನೋಟಕ್ಕೆ ಇದು ಹುಡುಗರ ಆಟದ ಮಾತು. ಒಳಹೊಕ್ಕು ನೋಡಿದರೆ ಹಂಚಿಕೊಂಡು ಬಾಳುವ ಮಾತು.

ಆಟ ಹುಟ್ಟಿದ ಬಗೆ

ಈ ಆಟದ ಸ್ವರೂಪ ತಿಳಿಯಲು ನಮ್ಮ ತಾಳಮದ್ದಳೆಯನ್ನು ನೆನೆದರೆ ಸಾಕು. ವೇಷವಿಲ್ಲದೆ, ಕುಳಿತಲ್ಲಿಯೇ, ಅರ್ಥಧಾರಿಗಳು ಆಶುವಾಗಿ ಪಾತ್ರದ ಮಾತನ್ನಾಡುವಂತೆ ಇಲ್ಲಿಯೂ ನಾಲ್ಕೈದು ಮಂದಿ ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಅರ್ಚಕ, ಒಬ್ಬ ಕಳ್ಳ. ‘ಡಂಜನ್ ಮಾಸ್ಟರ್’ ಎನಿಸಿಕೊಂಡ ಇನ್ನೊಬ್ಬನು ಸೂತ್ರಧಾರ. ಕಾಡು, ಗುಹೆ, ರಾಕ್ಷಸರು, ನಿಧಿ ಎಲ್ಲವನ್ನೂ ಅವನು ವರ್ಣಿಸುತ್ತಾನೆ. ವ್ಯತ್ಯಾಸವೆಂದರೆ, ತಾಳಮದ್ದಳೆಯಲ್ಲಿ ಪ್ರಸಂಗದ ಮುಕ್ತಾಯ ಎಲ್ಲರಿಗೂ ಗೊತ್ತಿರುತ್ತದೆ; ಇಲ್ಲಿ ಗೊತ್ತಿರುವುದಿಲ್ಲ. ಹೊಡೆತ ತಾಗಿತೋ ತಪ್ಪಿತೋ ಎಂಬುದನ್ನು ದಾಳ ನಿರ್ಣಯಿಸುತ್ತದೆ.

ಇದರ ಬೇರು ಇರುವುದು ಯುದ್ಧದ ಆಟಗಳಲ್ಲಿ. ಪ್ರಶ್ಯದ ಸೇನಾಧಿಕಾರಿಗಳ ತರಬೇತಿಗಾಗಿ ರೈಸ್ವಿಟ್ಸ್ ಎಂಬಾತನು 1824ರಲ್ಲಿ ‘ಕ್ರೀಗ್ಸ್‌ಷ್ಪೀಲ್’ ಎಂಬ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದ. ಎರಡು ಪಕ್ಷಗಳ ನಡುವೆ ತೀರ್ಪುಗಾರನೊಬ್ಬ ಕುಳಿತುಕೊಳ್ಳುವ ಪದ್ಧತಿ ಅದರಲ್ಲಿಯೇ ಇತ್ತು. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆಯ ಸೈನಿಕರನ್ನಿಟ್ಟು ಆಡುವ ಯುದ್ಧದ ಬಗೆಗೆ ಪುಸ್ತಕವನ್ನೇ ಬರೆದರು. ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ 1969ರಲ್ಲಿ ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ ಹಂಚಿ ಆಡಿಸಿದ. ಅವನ ಗೆಳೆಯ ಡೇವ್ ಆರ್ನೆಸನ್ ಆ ಬಗೆಯನ್ನು ರಾಕ್ಷಸರೂ ನೆಲಮಾಳಿಗೆಗಳೂ ತುಂಬಿದ ಕಲ್ಪಿತ ನಾಡೊಂದಕ್ಕೆ ಒಯ್ದ. ಇತ್ತ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಸೇರಿ 1971ರಲ್ಲಿ ‘ಚೇನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದ ನಿಯಮಾವಳಿಯನ್ನು ಹೊರತಂದಿದ್ದರು. ಅದರ ಅನುಬಂಧದಲ್ಲಿ ಮಾಂತ್ರಿಕರೂ ಡ್ರ್ಯಾಗನ್‌ಗಳೂ ಮಂತ್ರಖಡ್ಗಗಳೂ ಆಗಲೇ ಕಾಣಿಸಿಕೊಂಡಿದ್ದವು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಕೂಡಿ ಬರೆದ ಮೂರು ಚಿಕ್ಕ ಹೊತ್ತಗೆಗಳ ಪೆಟ್ಟಿಗೆಯೇ 1974ರ ಆಟ. ಮೊದಲ ಮುದ್ರಣದಲ್ಲಿ ಕೇವಲ 1000 ಪ್ರತಿಗಳು. ಬೆಲೆ 10 ಡಾಲರು.

ಖಡ್ಗವೇ ತಕ್ಕಡಿಯ ಬಟ್ಟು

ಮಂತ್ರಖಡ್ಗವು ಆಟವನ್ನು ಕೆಡಿಸಲೆಂದು ಬಂದುದಲ್ಲ, ಸರಿತೂಗಿಸಲೆಂದೇ ಬಂದುದು ಎಂಬುದು ಇಲ್ಲಿಯ ಸೋಜಿಗ. ಮೊದಲ ನಿಯಮಗಳಲ್ಲಿ ಮಾಂತ್ರಿಕನು ಆರಂಭದಲ್ಲಿ ತೀರ ದುರ್ಬಲ; ಬದುಕಿ ಬೆಳೆದನೆಂದರೆ ಮಾತ್ರ ಒಂದೇ ಮಂತ್ರದಿಂದ ಒಂದು ಪಡೆಯನ್ನೇ ಸುಟ್ಟುಬಿಡಬಲ್ಲ. ಯೋಧನಿಗೆ ಅಂಥ ಬೆಳವಣಿಗೆ ಇಲ್ಲ. ಆದ್ದರಿಂದ ಮಂತ್ರಾಯುಧಗಳೆಲ್ಲವನ್ನೂ ಹಿಡಿಯುವ ಹಕ್ಕನ್ನು ಯೋಧನಿಗೆ ಬಿಟ್ಟುಕೊಟ್ಟರು. ಮಾಂತ್ರಿಕನಿಗೆ ಬಾಕು ಮಾತ್ರ, ಅರ್ಚಕನಿಗೆ ಅಲಗಿಲ್ಲದ ಆಯುಧ ಮಾತ್ರ. ಖಡ್ಗವು ಹೀಗೆ ಯೋಧನ ಕಡೆಯ ತಟ್ಟೆಗೆ ಹಾಕಿದ ಬಟ್ಟಾಯಿತು.

ಆ ಖಡ್ಗಕ್ಕೂ ಕಟ್ಟುಗಳಿಲ್ಲದಿರಲಿಲ್ಲ. 1974ರ ನಿಯಮಗಳಂತೆ ಮಂತ್ರಖಡ್ಗಕ್ಕೆ ಬುದ್ಧಿಯುಂಟು, ಅಹಂಕಾರವುಂಟು, ಧರ್ಮಪಕ್ಷವೂ ಉಂಟು. ವಿರುದ್ಧ ಪಕ್ಷದವನು ಮುಟ್ಟಿದರೆ ಖಡ್ಗವೇ ಅವನನ್ನು ಗಾಯಗೊಳಿಸುತ್ತದೆ. ಖಡ್ಗದ ಬುದ್ಧಿ-ಅಹಂಕಾರಗಳು ಹಿಡಿದವನ ಮನೋಬಲವನ್ನು ಮೀರಿದುವಾದರೆ, ಆಮೇಲೆ ನಡೆಸುವವನು ಯೋಧನಲ್ಲ, ಖಡ್ಗ. ಹೆಚ್ಚು ಶಕ್ತಿಯುಳ್ಳ ಆಯುಧವು ಹೆಚ್ಚು ಹಟಮಾರಿಯೂ ಆಗಿರುವ ಈ ಏರ್ಪಾಡು ಮೊದಲ ದಿನದಿಂದಲೇ ಇದ್ದರೂ ಅದನ್ನು ನಡೆಸುವುದು ತೊಡಕಾಗಿತ್ತು. ನಿಧಿಯಲ್ಲಿ ಏನು ಸಿಗುವುದೆಂಬುದನ್ನು ಪಟ್ಟಿ ನೋಡಿ ದಾಳ ಉರುಳಿಸಿ ನಿರ್ಧರಿಸುತ್ತಿದ್ದುದರಿಂದ, ಅದೃಷ್ಟವಿದ್ದರೆ ನಿನ್ನೆ ಮೊನ್ನೆ ಆಟಕ್ಕೆ ಬಂದವನಿಗೂ ಮಹಾಖಡ್ಗ ದೊರೆತುಬಿಡುತ್ತಿತ್ತು.

ದೊರೆತರೆ ಏನಾಯಿತು ಎಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹೊಡೆತಕ್ಕೆ ಉರುಳಿಸುವುದು ಇಪ್ಪತ್ತು ಮುಖಗಳ ದಾಳ. ಒಂದು ರಾಕ್ಷಸನಿಗೆ ಹೊಡೆತ ತಾಗಬೇಕಾದರೆ 15 ಅಥವಾ ಹೆಚ್ಚು ಬೀಳಬೇಕೆಂದಿಟ್ಟುಕೊಳ್ಳಿ. ಸಾಮಾನ್ಯ ಕತ್ತಿಯವನಿಗೆ 15ರಿಂದ 20ರವರೆಗೆ ಆರು ಮುಖಗಳು ಅನುಕೂಲ. ಅಂದರೆ ನೂರಕ್ಕೆ 30. +5 ಖಡ್ಗ ಹಿಡಿದವನಿಗೆ 10 ಬಿದ್ದರೆ ಸಾಕು. ಹನ್ನೊಂದು ಮುಖಗಳು, ನೂರಕ್ಕೆ 55. ಅವನೊಬ್ಬನೇ ಎಲ್ಲರನ್ನೂ ಕಡಿದುರುಳಿಸುತ್ತಾನೆ. ಸೂತ್ರಧಾರನು ಇದನ್ನು ಸರಿಪಡಿಸಲೆಂದು ಹೆಚ್ಚು ಗಟ್ಟಿಯಾದ ರಾಕ್ಷಸನನ್ನು ತಂದನೆನ್ನಿ. ಖಡ್ಗದವನಿಗೆ ಮತ್ತೆ 15 ಬೇಕಾಗುವಷ್ಟು ಗಟ್ಟಿ ಮಾಡಿದರೆ, ಉಳಿದವರಿಗೆ 20 ಬೇಕಾಗುತ್ತದೆ. ಇಪ್ಪತ್ತರಲ್ಲಿ ಒಂದೇ ಮುಖ, ನೂರಕ್ಕೆ 5. ಖಡ್ಗದವನು ಎಲ್ಲಿದ್ದನೋ ಅಲ್ಲಿಯೇ ಇದ್ದಾನೆ. ಶಿಕ್ಷೆಯಾದುದು ಅವನ ಜೊತೆಗಾರರಿಗೆ.

ಇಡೀ ಸಮಸ್ಯೆಯ ತಿರುಳು ಇಲ್ಲಿದೆ. ಅತಿಶಕ್ತ ಆಯುಧವು ಕೆಡಿಸುವುದು ರಾಕ್ಷಸರನ್ನಲ್ಲ. ರಾಕ್ಷಸರು ಎಷ್ಟು ಬೇಕಾದರೂ ಹುಟ್ಟುತ್ತಾರೆ. ಅದು ಕೆಡಿಸುವುದು ಮೇಜಿನ ಸುತ್ತ ಕುಳಿತ ಗೆಳೆಯರನ್ನು. ಮೂರು ಗಂಟೆ ಕುಳಿತು, ದಾಳ ಉರುಳಿಸಿ, ಏನನ್ನೂ ಸಾಧಿಸದೆ ಎದ್ದುಹೋಗುವವನು ಮುಂದಿನ ವಾರ ಬರುವುದಿಲ್ಲ.

ಕಿತ್ತುಕೊಳ್ಳುವ ಕಾಲ

ಆಟ ಬೆಳೆಯುತ್ತ ಆಯುಧಗಳೂ ಬೆಳೆದವು. 1975ರ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ ಶತ್ರುವಿನ ತಲೆಯನ್ನು ಒಂದೇ ಏಟಿಗೆ ಹಾರಿಸುವ ‘ವೋರ್ಪಲ್’ ಖಡ್ಗ ಬಂತು. ಆ ಹೆಸರು ಲೂಯಿಸ್ ಕ್ಯಾರಲ್ 1871ರ ತನ್ನ ಪುಸ್ತಕದಲ್ಲಿ ಬರೆದ ವಿನೋದ ಕವಿತೆಯಿಂದ ಎತ್ತಿಕೊಂಡದ್ದು. ತಲೆ ಹಾರಿದ ಮೇಲೆ ಶತ್ರುವಿಗೆ ಎಷ್ಟು ಪ್ರಾಣಾಂಕ ಉಳಿದಿತ್ತೆಂಬ ಲೆಕ್ಕವೇ ಬೇಡ. ಅದೇ ಪುರವಣಿಯಲ್ಲಿ, ಮುಟ್ಟಿದ ಲೋಹವನ್ನೆಲ್ಲ ತುಕ್ಕು ಹಿಡಿಸಿ ತಿನ್ನುವ ಪ್ರಾಣಿಯೊಂದೂ ಹುಟ್ಟಿಕೊಂಡಿತು. ಗೈಗ್ಯಾಕ್ಸ್ ಅದರ ರೂಪವನ್ನು ಕಂಡುಕೊಂಡದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದರಲ್ಲಿ. ಒಂದು ಕೈಯಿಂದ ಮಹಾಖಡ್ಗವನ್ನು ಕೊಟ್ಟು, ಇನ್ನೊಂದು ಕೈಯಲ್ಲಿ ಅದನ್ನು ತಿನ್ನುವ ಪ್ರಾಣಿಯನ್ನು ಹಿಡಿದು ನಿಂತ ಸೂತ್ರಧಾರನ ಚಿತ್ರ ಇದು.

ಕಿತ್ತುಕೊಳ್ಳುವುದು ಸುಲಭ ಉಪಾಯ. ಆದರೆ ಅದರ ಫಲ ಕಹಿ. ಕಷ್ಟಪಟ್ಟು ಗಳಿಸಿದ್ದು ಒಂದು ಹುಳದ ಬಾಯಿಗೆ ಹೋಯಿತೆಂದರೆ, ತನ್ನನ್ನು ಸೋಲಿಸಿದ್ದು ಕಥೆಯಲ್ಲ, ಸೂತ್ರಧಾರನ ಮುನಿಸು ಎಂದು ಆಟಗಾರನಿಗೆ ಅನಿಸುತ್ತದೆ. ಕೊಟ್ಟು ಕಸಿಯುವವನನ್ನು ಯಾರೂ ನಂಬರು.

ಇನ್ನೊಂದು ತುದಿಯಲ್ಲಿ ಕೈಬಿಚ್ಚಿ ಹಂಚುವ ಸೂತ್ರಧಾರರಿದ್ದರು. ಅವರಿಗೆ ‘ಮಾಂಟಿ ಹಾಲ್’ ಎಂಬ ಅಡ್ಡಹೆಸರು ಬಿತ್ತು. 1963ರಲ್ಲಿ ಆರಂಭವಾದ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಬಂದವರಿಗೆಲ್ಲ ಬಹುಮಾನಗಳನ್ನು ಹಂಚುತ್ತಿದ್ದ ನಿರೂಪಕನ ಹೆಸರದು. ರಾಬರ್ಟ್ ಕುಂಟ್ಸ್ ಮತ್ತು ಜೇಮ್ಸ್ ವಾರ್ಡ್ 1976ರಲ್ಲಿ ಬರೆದ ದೇವತೆಗಳ ಪುರವಣಿಯ ಮುನ್ನುಡಿಯಲ್ಲಿ ಸಂಪಾದಕ ಟಿಮ್ ಕ್ಯಾಸ್ಕ್ ಇಂಥವರನ್ನು ನೇರವಾಗಿಯೇ ಗೇಲಿ ಮಾಡಿದರು. ನಾರ್ಡಿಕ್ ಪುರಾಣದ ಓಡಿನ್ ದೇವನಿಗೇ 300 ಪ್ರಾಣಾಂಕವಿರುವಾಗ ನಲವತ್ತು ಮೆಟ್ಟಿಲು ಏರಿದೆವೆನ್ನುವ ವೀರರಿಗೆ ಏನರ್ಥ ಎಂಬುದು ಅವರ ವಾದದ ಸಾರ. ಆದರೆ ಆದದ್ದೇ ಬೇರೆ. ಅಂಕಿ ಕೊಟ್ಟ ಮೇಲೆ ದೇವರೂ ಕೊಲ್ಲಬಹುದಾದ ಶತ್ರುವೇ ಎಂದು ಬಗೆದ ಆಟಗಾರರು ಹುಟ್ಟಿಕೊಂಡರು! ಆ ಪುರವಣಿಯಲ್ಲಿ ಭಾರತದ ದೇವತೆಗಳಿಗೂ ಒಂದು ಅಧ್ಯಾಯವಿತ್ತೆಂಬುದನ್ನು ಇಲ್ಲಿ ಹೇಳಬೇಕು. ಸಮಸ್ಯೆಗೆ ಉತ್ತರ ಅಂಕಿಗಳಲ್ಲಿರಲಿಲ್ಲ.

ಹಸಿದ ಖಡ್ಗ

ಉತ್ತರದ ಮೊದಲ ಸುಳಿವು ಅದೇ 1976ರ ಇನ್ನೊಂದು ಪುರವಣಿಯಾದ ‘ಎಲ್‌ಡ್ರಿಚ್ ವಿಝರ್ಡ್ರಿ’ಯಲ್ಲಿದೆ. ವೆಕ್ನ ಎಂಬ ಸತ್ತ ಮಾಂತ್ರಿಕನ ಕೈ ಮತ್ತು ಕಣ್ಣು ಅದರಲ್ಲಿಯ ಮಹಾವಸ್ತುಗಳು. ಅವುಗಳ ಶಕ್ತಿ ಅಪಾರ. ಆದರೆ ಆ ಕೈ ಬೇಕಾದವನು ತನ್ನ ಕೈಯನ್ನು ಕಡಿದುಕೊಳ್ಳಬೇಕು. ಆ ಕಣ್ಣು ಬೇಕಾದವನು ತನ್ನ ಕಣ್ಣನ್ನು ಕಿತ್ತುಕೊಳ್ಳಬೇಕು. ಇಲ್ಲಿ ಸೂತ್ರಧಾರನು ಏನನ್ನೂ ಕಸಿಯುವುದಿಲ್ಲ. ಬೆಲೆಯನ್ನು ಮುಂದಿಟ್ಟು ಸುಮ್ಮನಾಗುತ್ತಾನೆ. ಕೊಡುವುದೂ ಬಿಡುವುದೂ ಆಟಗಾರನಿಗೆ ಸೇರಿದ್ದು.

1979ರಲ್ಲಿ ಲಾರೆನ್ಸ್ ಷಿಕ್ ಬರೆದ ‘ವೈಟ್ ಪ್ಲೂಮ್ ಮೌಂಟನ್’ ಎಂಬ ಪ್ರಸಂಗದಲ್ಲಿ ಈ ವಿಚಾರ ಪಕ್ವವಾಯಿತು. ಕಳೆದುಹೋದ ಮೂರು ಆಯುಧಗಳನ್ನು ಹುಡುಕಿ ತರುವುದು ಅದರ ಕಥೆ. ‘ವ್ಹೆಲ್ಮ್’ ಎಂಬ ಸುತ್ತಿಗೆಯನ್ನು ಹಿಡಿದವನಿಗೆ ಬಯಲೆಂದರೆ ಭಯ ಹತ್ತುತ್ತದೆ. ‘ವೇವ್’ ಎಂಬ ತ್ರಿಶೂಲವು ತನ್ನ ಒಡೆಯನು ಸಮುದ್ರದೇವತೆಯ ಭಕ್ತನಾಗಬೇಕೆನ್ನುತ್ತದೆ. ‘ಬ್ಲ್ಯಾಕ್‌ರೇಝರ್’ ಎಂಬ ಕರಿಯ ಖಡ್ಗವು ಕೊಂದವರ ಆತ್ಮವನ್ನು ಕುಡಿದು ಆ ಬಲವನ್ನು ಒಡೆಯನಿಗೆ ತುಂಬುತ್ತದೆ. ಆದರೆ ಅದಕ್ಕೆ ತಣಿಯದ ಹಸಿವು. ಮೇಲಾಗಿ, ಪ್ರೇತಗಳಿಗೆ ತಾಗಿಸಿದರೆ ಪ್ರವಾಹ ತಿರುಗಿ ಒಡೆಯನ ಪ್ರಾಣವೇ ಪ್ರೇತಕ್ಕೆ ಹರಿಯುತ್ತದೆ. ಈ ಖಡ್ಗದ ಮೂಲ ಮೈಕೇಲ್ ಮೂರ್ಕಾಕ್ ಎಂಬ ಇಂಗ್ಲಿಷ್ ಲೇಖಕ 1961ರಿಂದ ಬರೆದ ಎಲ್ರಿಕ್‌ನ ಕಥೆಗಳು. ರೋಗಿಷ್ಠ ರಾಜ ಎಲ್ರಿಕ್‌ಗೆ ಆತ್ಮ ಕುಡಿಯುವ ಖಡ್ಗವೇ ಆಸರೆ. ಅದು ಅವನ ಪ್ರೇಯಸಿಯನ್ನು ಕೊಂದು, ಕೊನೆಗೆ ಅವನನ್ನೂ ಕೊಲ್ಲುತ್ತದೆ. ಕಥೆ ಬರೆದವನಿಗೆ ಬೆಲೆಯ ಅರಿವಿತ್ತು. ಆಟ ಕಟ್ಟಿದವನು ಅದನ್ನು ಅವನಿಂದ ಕಲಿತ.

ನಮಗೆ ಇದು ಅಪರಿಚಿತವಲ್ಲ. ಭಾರತದ ಕಥೆಯನ್ನೇ ನೋಡಿ. ಕರ್ಣನು ಕವಚಕುಂಡಲಗಳನ್ನು ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧವು ತಪ್ಪದೆ ಕೊಲ್ಲುವಂಥದು. ಆದರೆ ಒಂದೇ ಬಾರಿಗೆ. ಅರ್ಜುನನಿಗಾಗಿ ಅವನು ಕಾಯ್ದಿಟ್ಟದ್ದು ಆ ರಾತ್ರಿಯ ಯುದ್ಧದಲ್ಲಿ ಘಟೋತ್ಕಚನ ಮೇಲೆ ವೆಚ್ಚವಾಗಿಹೋಯಿತು. ಅಶ್ವತ್ಥಾಮನ ನಾರಾಯಣಾಸ್ತ್ರಕ್ಕೆ ಎದುರಾಗಿ ಯಾವ ಅಸ್ತ್ರವೂ ನಿಲ್ಲದು. ಆಯುಧ ಕೆಳಗಿಟ್ಟು ನಿಂತವನನ್ನು ಮಾತ್ರ ಅದು ಮುಟ್ಟದು. ಬ್ರಹ್ಮಶಿರವನ್ನು ಬಿಡುವುದು ಅವನಿಗೆ ತಿಳಿದಿತ್ತು, ಹಿಂದಕ್ಕೆ ಕರೆಯುವುದು ತಿಳಿದಿರಲಿಲ್ಲ. ಒಂದಕ್ಕೆ ಎಣಿಕೆಯ ಕಟ್ಟು, ಒಂದಕ್ಕೆ ಎದುರುಪಾಯದ ಕಟ್ಟು, ಇನ್ನೊಂದಕ್ಕೆ ವಿದ್ಯೆಯ ಕಟ್ಟು. ಯಾವ ಅಸ್ತ್ರದ ಬಲವನ್ನೂ ಕವಿ ಕುಗ್ಗಿಸಲಿಲ್ಲ. ಒಂದೇ ಬಾರಿಗೆ ಸಲ್ಲುವ ಶಕ್ತಿಯಾದುದರಿಂದಲೇ ಅದನ್ನು ಯಾರ ಮೇಲೆ ಬಿಡಬೇಕೆಂಬುದು ಕರ್ಣನ ಬದುಕಿನ ಪ್ರಶ್ನೆಯಾಯಿತು.

ಬೆಲೆಪಟ್ಟಿ ಮತ್ತು ಶ್ರುತಿ

ಮುಂದಿನ ದಶಕಗಳಲ್ಲಿ ಆಟದ ಸಂಸ್ಥೆ ಕೈ ಬದಲಾಯಿತು. ಗೈಗ್ಯಾಕ್ಸ್ ಸಹಸ್ಥಾಪಕರಾಗಿದ್ದ ಟಿ.ಎಸ್.ಆರ್. ಸಂಸ್ಥೆಯನ್ನು 1997ರಲ್ಲಿ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಕೊಂಡುಕೊಂಡಿತು. 2000ದಲ್ಲಿ ಬಂದ ಮೂರನೆಯ ಆವೃತ್ತಿಯು ಸೂತ್ರಧಾರನ ವಿವೇಚನೆಗೆ ಬಿಟ್ಟಿದ್ದುದನ್ನು ಲೆಕ್ಕಕ್ಕೆ ತಂದಿತು. ಆಯುಧದ ಮಂತ್ರಬಲದ ವರ್ಗವನ್ನು 2000ದಿಂದ ಗುಣಿಸಿದರೆ ಅದೇ ಆ ಬಲದ ಬೆಲೆ: +1 ಬಲಕ್ಕೆ 2000 ಚಿನ್ನದ ನಾಣ್ಯ, +2ಕ್ಕೆ 8000, +5ಕ್ಕೆ 50,000. ಯಾವ ಮೆಟ್ಟಿಲಿನ ವೀರನ ಬಳಿ ಒಟ್ಟು ಎಷ್ಟು ಸಂಪತ್ತು ಇರಬೇಕೆಂಬುದಕ್ಕೂ ಕೋಷ್ಟಕವಿತ್ತು. ಎರಡನೆಯ ಮೆಟ್ಟಿಲಿಗೆ 900, ಇಪ್ಪತ್ತನೆಯದಕ್ಕೆ 7,60,000. ಅನ್ಯಾಯ ಕಡಿಮೆಯಾಯಿತೆಂಬುದು ನಿಜ. ಆದರೆ ಮಂತ್ರಖಡ್ಗವು ಅಂಗಡಿಯ ಸರಕಾಯಿತು. 2008ರ ನಾಲ್ಕನೆಯ ಆವೃತ್ತಿಯಲ್ಲಂತೂ ಮಂತ್ರವಸ್ತುಗಳ ಪಟ್ಟಿ ಸೂತ್ರಧಾರನ ಗ್ರಂಥದಿಂದ ಆಟಗಾರರ ಕೈಪಿಡಿಗೇ ಬಂತು; ತಮಗೆ ಬೇಕಾದುದನ್ನು ಆಟಗಾರರು ಬರೆದುಕೊಡಬಹುದೆಂಬ ಸಲಹೆಯೂ ಬಂತು. ಸಮತೋಲ ಬಂದಿತು, ವಿಸ್ಮಯ ಹೋಯಿತು.

2014ರ ಐದನೆಯ ಆವೃತ್ತಿ ನಡುದಾರಿಯನ್ನು ಹುಡುಕಿತು. ಆಯುಧದ ಮಿತಿ +3ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾದುದು ‘ಅಟ್ಯೂನ್‌ಮೆಂಟ್’ ಎಂಬ ನಿಯಮ. ಇದನ್ನು ಶ್ರುತಿ ಕೂಡಿಸುವುದೆಂದು ನಾವು ಕರೆಯಬಹುದು. ಬಲವಾದ ವಸ್ತುವಿನೊಡನೆ ಗಂಟೆಯ ಕಾಲ ಕುಳಿತು ಶ್ರುತಿ ಕೂಡಿಸಿಕೊಂಡ ಮೇಲೆಯೇ ಅದರ ಶಕ್ತಿ ಒಲಿಯುತ್ತದೆ. ಒಬ್ಬನು ಒಮ್ಮೆಗೆ ಮೂರು ವಸ್ತುಗಳೊಡನೆ ಮಾತ್ರ ಹಾಗೆ ಕೂಡಬಲ್ಲ. ನಾಲ್ಕನೆಯದು ಬೇಕಾದರೆ ಒಂದನ್ನು ಬಿಡಬೇಕು. ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಪಕ್ಕದಲ್ಲಿ ಕುಳಿತ ಗೆಳೆಯನಿಗೆ. ಐವತ್ತು ವರ್ಷಗಳ ಯೋಚನೆಯಲ್ಲಿ ಕೂಡಿಡುವುದನ್ನು ಹಂಚುವುದಾಗಿ ಮಾರ್ಪಡಿಸಿದ ನಿಯಮ ಇದೊಂದೇ ಎಂದು ನಮಗೆ ಅನಿಸುತ್ತದೆ. 2024ರ ಪರಿಷ್ಕೃತ ಗ್ರಂಥಗಳಲ್ಲಿಯೂ ಈ ಮೂರರ ಮಿತಿ ಉಳಿದುಬಂದಿದೆ.

ತಲೆ ಹಾರಿಸುವ ವೋರ್ಪಲ್ ಖಡ್ಗ ಏನಾಯಿತೆಂದು ನೋಡಿದರೆ ಈ ಇತಿಹಾಸವೆಲ್ಲ ಒಂದೇ ಅಲಗಿನ ಮೇಲೆ ಕಾಣುತ್ತದೆ. 1979ರಲ್ಲಿ ಅದರ +3 ಬಲವನ್ನು ಕೂಡಿಸಿ 20 ಆದರೆ ಸಾಕಿತ್ತು. ಮನುಷ್ಯಗಾತ್ರದ ಶತ್ರುವಿನ ತಲೆ 17 ಬಿದ್ದರೂ ಹಾರುತ್ತಿತ್ತು, ಇಪ್ಪತ್ತರಲ್ಲಿ ನಾಲ್ಕು ಬಾರಿ. 2003ರ ಪರಿಷ್ಕರಣದಲ್ಲಿ ದಾಳದಲ್ಲಿಯೇ 20 ಬಿದ್ದು, ಮತ್ತೊಮ್ಮೆ ಉರುಳಿಸಿ ಅದನ್ನು ಖಚಿತಪಡಿಸಿಕೊಳ್ಳಬೇಕಾಯಿತು. 2008ರಲ್ಲಿ ತಲೆ ಹಾರುವುದೇ ನಿಂತುಹೋಗಿ, ಹೆಚ್ಚಿನ ಪೆಟ್ಟು ಕೊಡುವ ಸಾದಾ ಕತ್ತಿಯಾಯಿತು. 2014ರಲ್ಲಿ ತಲೆ ಮತ್ತೆ ಹಾರತೊಡಗಿತು: 20 ಬಿದ್ದಾಗ ಮಾತ್ರ, ಶ್ರುತಿ ಕೂಡಿಸಿದವನಿಗೆ ಮಾತ್ರ, ಕಥೆಯ ಮಹಾಶತ್ರುಗಳಿಗೆ ತಲೆಯ ಬದಲು ದೊಡ್ಡ ಪೆಟ್ಟು. ಅತಿ ಸಡಿಲದಿಂದ ಹೊರಟು ಅತಿ ಬಿಗಿಗೆ ಹೋಗಿ, ಕೊನೆಗೆ ಒಂದು ಕಟ್ಟಿನೊಡನೆ ತನ್ನ ಸ್ವಧರ್ಮಕ್ಕೆ ಮರಳಿದ ಖಡ್ಗವಿದು. ತಲೆ ಹಾರಿಸದ ವೋರ್ಪಲ್ ಖಡ್ಗವನ್ನು ಯಾರೂ ಬಯಸಲಿಲ್ಲವೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಎಳೆಯ ಸೂತ್ರಧಾರರಿಗೆ

ನಮ್ಮ ಮನೆಗಳಲ್ಲಿ ಈ ಆಟವನ್ನು ನಡೆಸುವ ಎಳೆಯ ಸೂತ್ರಧಾರರಿಗೆ ಈ ಇತಿಹಾಸದಿಂದ ಮೂರು ಮಾತು ದೊರೆಯುತ್ತವೆ. ಕೊಟ್ಟ ಖಡ್ಗವನ್ನು ಹುಳಕ್ಕೆ ತಿನ್ನಿಸಬೇಡಿ. ಮೀರಿ ಕೊಟ್ಟೆವೆಂದು ತೋರಿದರೆ ಮೇಜಿನ ಮುಂದೆ ಕುಳಿತು, ಖಡ್ಗದವನೊಡನೆಯೇ ಮಾತನಾಡಿ ಅದಕ್ಕೊಂದು ಕಟ್ಟನ್ನು ಗೊತ್ತುಮಾಡಿ. ರಾಕ್ಷಸನ ಬಲವನ್ನು ಹೆಚ್ಚಿಸುವ ಮೊದಲು, ಆ ಹೆಚ್ಚಳದ ಪೆಟ್ಟು ಯಾರಿಗೆ ಬೀಳುವುದೆಂದು ಲೆಕ್ಕ ಹಾಕಿ. ಬೆಲೆಯನ್ನು ಮೊದಲೇ ತಿಳಿಸಿ. ತಿಳಿದು ತೆತ್ತ ಬೆಲೆ ಕಥೆಯಾಗುತ್ತದೆ, ತಿಳಿಯದೆ ತೆತ್ತದ್ದು ಮೋಸವಾಗುತ್ತದೆ.

ಗೈಗ್ಯಾಕ್ಸ್ 2008ರಲ್ಲಿಯೂ ಆರ್ನೆಸನ್ 2009ರಲ್ಲಿಯೂ ತೀರಿಕೊಂಡರು. ಅವರು ಹೊತ್ತಿಸಿದ ಆಟ ಇಂದು ಅವರು ಕಾಣದ ಊರುಗಳಲ್ಲಿ ನಡೆಯುತ್ತಿದೆ. ಖಡ್ಗ ಎಷ್ಟು ಹರಿತವಾಗಿರಬೇಕೆಂಬ ಪ್ರಶ್ನೆಗೆ ಕೊನೆಯ ಉತ್ತರ ಯಾವ ಗ್ರಂಥದಲ್ಲಿಯೂ ಇಲ್ಲ. ಆಟ ಮುಗಿದ ಮೇಲೆ ಖಡ್ಗವಿಲ್ಲದವನು ಮುಂದಿನ ರವಿವಾರ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದನೆಂದರೆ, ಆ ಖಡ್ಗ ಅಷ್ಟು ಹರಿತವಾಗಿದ್ದರೆ ತೊಂದರೆಯಿಲ್ಲ.